ರೂಮಿಲ್ಲದ ಲಾಡ್ಜು

ನದಿಯ ದಂಡೆಯಲ್ಲಿ ಒಂದು ಹೆಂಚಿನ ಮನೆ. ಮನೆಯ ಮುಂದೆ ಒಂದು ಬೋರ್ಡು: ಥಿಯಾಸಫಿಕಲ್ ಲಾಡ್ಜ್.

ಎಲ್ಲ ಧರ್ಮಗಳನ್ನೂ ಒಟ್ಟಿಗೆ ಕೂತು ಓದುವವರು, ಸಾವಿನಾಚೆ ಏನಿದೆ ಎಂದು ಕೇಳಿಕೊಳ್ಳುವವರು, ಕಣ್ಣು ಮುಚ್ಚಿ ಧ್ಯಾನ ಮಾಡುವವರು ಸೇರುವ ಜಾಗ ಅದು. ಇಂಥ ಸಭೆಗೆ ಥಿಯಾಸಫಿಯವರು ಲಾಡ್ಜ್ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಊರಿನವರಿಗೆ ಇದು ಗೊತ್ತು. ಬಸ್ಸಿಳಿದು ಬರುವವರಿಗೆ ಎಲ್ಲಿಂದ ಗೊತ್ತಾಗಬೇಕು ಪಾಪ? ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದು, "ಸಿಂಗಲ್ ರೂಮ್ ಇದೆಯಾ? ಬಿಸಿನೀರು ಬರುತ್ತಾ?" ಎಂದು ಕೇಳುವವರು ಆಗಾಗ ಇದ್ದೇ ಇದ್ದರು.

"ಇಲ್ಲಿ ರೂಮಿಲ್ಲ, ಕಂದ," ಎನ್ನುತ್ತಿದ್ದರು ಭಾಗೀರಥಮ್ಮ. ಬಂದವನು ಹಲ್ಲು ಬಿದ್ದ ಮುದುಕನಾದರೂ ಅವರಿಗೆ ಕಂದನೇ. ಒಂದು ಲೋಟ ಮಜ್ಜಿಗೆ ಕೊಟ್ಟು, ನಿಜವಾದ ಲಾಡ್ಜಿನ ದಾರಿ ತೋರಿಸಿ ಕಳಿಸುತ್ತಿದ್ದರು.

ಭಾಗೀರಥಮ್ಮ ಆ ಲಾಡ್ಜಿಗೆ ಗುರು. ಅವರ ಜೊತೆಗೆ ಅಲ್ಲೇ ಇದ್ದವನು ಶಿಷ್ಯ ಶ್ರೀಕಂಠ. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವನು. ಒಂದು ಭಾನುವಾರ ಉಪನ್ಯಾಸ ಕೇಳಲು ಬಂದು, ಊಟಕ್ಕೆ ನಿಂತು, ಆಮೇಲೆ ಹೋಗಲೇ ಇಲ್ಲ.

ಭಾಗೀರಥಮ್ಮ ಅವನಿಗೆ ಅಮ್ಮ. ಒಂದು ರಾತ್ರಿ ಅಮ್ಮ ಊರಲ್ಲಿ ಇಲ್ಲದಾಗ ಒಬ್ಬ ಪ್ರಯಾಣಿಕ ಬಂದು ಬಾಗಿಲು ತಟ್ಟಿದ. ತುಂಬ ದಣಿದಿದ್ದ. ಶ್ರೀಕಂಠನಿಗೆ ಕನಿಕರ ಬಂತು. ಸಭೆಯ ಹಜಾರದಲ್ಲೇ ಚಾಪೆ ಹಾಸಿಕೊಟ್ಟ. ಬೆಳಿಗ್ಗೆ ನೋಡಿದರೆ ಚಾಪೆ ಇತ್ತು, ಮನುಷ್ಯ ಇರಲಿಲ್ಲ. ಧ್ಯಾನಕ್ಕೆ ಬಾರಿಸುವ ಕಂಚಿನ ಗಂಟೆಯೂ ಇರಲಿಲ್ಲ.

"ಯಾರು ಏನು ಅಂತ ಕೇಳಿದ್ಯಾ?" ಎಂದರು ಅಮ್ಮ.

"ಇಲ್ಲ."

"ಮತ್ತೆ ಹೇಗೆ ಬಾಗಿಲು ತೆಗೆದೆ?"

"ದನಿ ಒಳ್ಳೆಯವರ ಹಾಗೆ ಇತ್ತು, ಅಮ್ಮ."

ಭಾಗೀರಥಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಧ್ಯಾನದ ಹೊತ್ತಿಗೆ ಊಟದ ತಟ್ಟೆಗೆ ಸೌಟಿನಿಂದ ಬಾರಿಸುವುದು ಶುರುವಾಯಿತು. ಸಭೆಗೆ ಬರುವ ಹಿರಿಯರು ಮುಖ ಗಂಟಿಕ್ಕಿದರೂ ಅಮ್ಮ ಹೊಸ ಗಂಟೆ ತರಿಸಲಿಲ್ಲ.

"ಇದನ್ನ ಕೇಳಿದಾಗಲೆಲ್ಲ ನಿನಗೆ ನೆನಪಾಗಲಿ," ಎಂದು ಶ್ರೀಕಂಠನಿಗೆ ಹೇಳಿದರು.

ಆ ಮಳೆಗಾಲದಲ್ಲಿ ಭಾಗೀರಥಮ್ಮನಿಗೆ ಎದೆನೋವು ಬಂತು. ಡಾಕ್ಟರು ಬಂದು ನೋಡಿ, ಶ್ರೀಕಂಠನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, "ಹೃದಯ ತುಂಬ ದಣಿದಿದೆ ಕಣಯ್ಯ. ಎಷ್ಟು ದಿನ ಅಂತ ನಾನು ಹೇಳಲಾರೆ," ಎಂದರು.

ಮರುಹುಟ್ಟು, ಕರ್ಮ, ಆತ್ಮಕ್ಕೆ ಸಾವಿಲ್ಲ ಎಂಬುದನ್ನೆಲ್ಲ ಶ್ರೀಕಂಠ ಬಾಯಿಪಾಠ ಮಾಡಿದ್ದ, ಬಂದವರಿಗೆ ವಿವರಿಸಿಯೂ ಇದ್ದ. ಗೇಟು ಹಿಡಿದು ನಿಂತ ಆ ಗಳಿಗೆಯಲ್ಲಿ ಯಾವುದೂ ಕೈಗೆ ಸಿಗಲಿಲ್ಲ. ಹೆತ್ತ ತಾಯಿಯ ದನಿಯನ್ನು ಅವನು ಕೇಳಿಯೇ ಇರಲಿಲ್ಲ. ಈ ತಾಯಿಯ ದನಿಯನ್ನೂ ಕಳೆದುಕೊಳ್ಳಲು ಅವನಿಂದ ಸಾಧ್ಯವಿರಲಿಲ್ಲ.

ನದಿಯ ಆಚೆ ದಡದಲ್ಲಿ ಒಂದು ಮನೆಯಿತ್ತು. ಅಲ್ಲಿ ಕೆಲವರು ಮೂರು ಕಾಲಿನ ಮೇಜಿನ ಸುತ್ತ ಕೂತು, ಕೈಗೆ ಕೈ ತಾಗಿಸಿ, ಸತ್ತವರನ್ನು ಕರೆಯುತ್ತಿದ್ದರು. ಯಾರಾದರೊಬ್ಬರ ಬಾಯಿಂದ ಸತ್ತವರು ಮಾತಾಡುತ್ತಿದ್ದರಂತೆ. ಶ್ರೀಕಂಠ ದೋಣಿ ಹತ್ತಿ ಅಲ್ಲಿಗೆ ಹೋದ.

ಮೊದಲ ದಿನವೇ ಅವನ ಬಾಯಿಂದ ಮಾತು ಬಂತು. ಯಾರದೋ ಗಂಡ, ಯಾರದೋ ಅಕ್ಕ. ಕೂತವರು ಅತ್ತರು, ಅವನ ಕಾಲು ಮುಟ್ಟಿದರು. ಅವನಿಗೆ ಏನೂ ನೆನಪಿರಲಿಲ್ಲ. ಆದರೆ ಒಂದು ಮಾತು ಖಾತ್ರಿಯಾಯಿತು. ಸತ್ತವರ ದನಿ ತನ್ನ ಬಾಯಿಗೆ ಬರುತ್ತದೆ. ಇಷ್ಟಿದ್ದರೆ ಸಾಕು.

ಅವನು ಮತ್ತೆ ಮತ್ತೆ ಹೋದ.

ಭಾಗೀರಥಮ್ಮ ನೋಡುತ್ತಲೇ ಇದ್ದರು. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಓದುವ ಪುಸ್ತಕ ತಲೆಕೆಳಗಾಗಿರುತ್ತಿತ್ತು. ಒಂದು ಸಂಜೆ ಅವರು "ಶ್ರೀಕಂಠ" ಎಂದು ಕರೆದರೆ ಅವನು ತಲೆಯೆತ್ತಿ, "ಯಾರು ಶ್ರೀಕಂಠ?" ಎಂದು ಕೇಳಿದ. ಕೇಳಿದ್ದು ತಾನೇ ಎಂದು ತಿಳಿದು ಗಾಬರಿಯಾದ.

"ಎಲ್ಲಿಗೆ ಹೋಗಿ ಬರ್ತಿದ್ದೀಯ?" ಎಂದರು ಅಮ್ಮ.

ಅವನು ಮುಚ್ಚಿಡಲಿಲ್ಲ. "ಆಚೆ ದಡಕ್ಕೆ. ನಾನು ಮೀಡಿಯಂ ಆಗಿದ್ದೀನಿ, ಅಮ್ಮ."

"ಯಾವ ಮೀಡಿಯಮ್ಮು? ಕನ್ನಡಾನಾ, ಇಂಗ್ಲಿಷಾ?"

"ತಮಾಷೆ ಮಾಡ್ಬೇಡಿ. ಸತ್ತವರು ನನ್ನ ಬಾಯಿಂದ ಮಾತಾಡ್ತಾರೆ."

"ಆಗ ನೀನೆಲ್ಲಿರ್ತೀಯ?"

ಶ್ರೀಕಂಠ ಕೈಯಲ್ಲಿದ್ದ ಪುಸ್ತಕವನ್ನು ತಿರುಗಿಸಿ ನೆಟ್ಟಗೆ ಹಿಡಿದ.

"ಹೋಗಲಿ ಬಿಡು," ಎಂದರು ಅಮ್ಮ. "ಮೀಡಿಯಂ ಅಂದ್ರೆ ನನಗೇನೂ ಕೋಪ ಇಲ್ಲಪ್ಪ. ಅದು ನಮಗೆ ತವರು ಮನೆ ಇದ್ದ ಹಾಗೆ. ನಮ್ಮ ಥಿಯಾಸಫಿ ಸಮಾಜ ಕಟ್ಟಿದವರಿಗೆ ಒಬ್ಬರಿಗೊಬ್ಬರು ಪರಿಚಯ ಆಗಿದ್ದೇ ಇಂಥ ದನಿ ಕೇಳೋಕೆ ಹೋದ ಕಡೆ."

"ಮತ್ತೆ ಯಾಕೆ ಬಿಟ್ಟು ಬಂದ್ರು?"

"ಮದುವೆಯಾದ ಹೆಣ್ಣು ತವರಲ್ಲೇ ಇರ್ತಾಳೇನೋ?"

ಅಷ್ಟು ಹೇಳಿ ಎದ್ದು ಹೋದರು.

ಮರುದಿನ ಜೋರು ಗಾಳಿ. ಶ್ರೀಕಂಠ ಒಳಗೆ ಕೂತಿದ್ದ. ಹಿತ್ತಲಿನಿಂದ ಅಮ್ಮನ ಕೂಗು ಕೇಳಿಸಿತು.

"ಬೇಗ ಬಾರೋ! ನಿನ್ನನ್ನ ಯಾರೋ ಕೈಬೀಸಿ ಕರೀತಿದ್ದಾರೆ!"

ಅವನು ಓಡಿ ಬಂದ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಅವನ ಜುಬ್ಬ ಗಾಳಿ ತುಂಬಿಕೊಂಡು ಉಬ್ಬಿತ್ತು. ತೋಳು ಎದ್ದೆದ್ದು ಬೀಸುತ್ತಿತ್ತು.

"ಅದು ನನ್ನ ಜುಬ್ಬ, ಅಮ್ಮ."

"ನಿನ್ನ ಹಾಗೇ ಕಾಣ್ಸುತ್ತೆ. ಭುಜ ನೋಡು, ಥೇಟ್ ನಿಂದೇ."

"ದಿನಾ ಹಾಕ್ಕೊಳ್ಳೋದು ನಾನೇ ಅಲ್ವಾ? ನನ್ನ ಮೈಯಳತೆಗೆ ಹೊಂದಿಕೊಂಡಿದೆ."

"ಒಳಗೆ ನೀನಿದ್ದೀಯಾ?"

"ಇಲ್ಲ, ಇಲ್ಲಿದ್ದೀನಲ್ಲ."

"ಮತ್ತೆ ಕೈ ಬೀಸ್ತಿರೋದು ಯಾರು?"

"ಗಾಳಿ," ಎಂದ ಶ್ರೀಕಂಠ.

ಅಮ್ಮ ಜುಬ್ಬವನ್ನು ಹಗ್ಗದಿಂದ ತೆಗೆದು, ಕೊಡವಿ, ಮಡಿಸಿ ಅವನ ಕೈಗಿಟ್ಟರು. "ಸತ್ತವರೂ ಒಂದೊಂದು ಜುಬ್ಬ ಬಿಟ್ಟು ಹೋಗ್ತಾರೆ ಕಣೋ. ಆಸೆ, ನೆನಪು, ಮಾತಿನ ರೂಢಿ, ಎಲ್ಲಾ ಅದರಲ್ಲೇ ಇರುತ್ತೆ. ಅವರು ಮುಂದಕ್ಕೆ ನಡೆದಿರ್ತಾರೆ. ನೀವು ಮೇಜಿನ ಸುತ್ತ ಕೂತು ಊದ್ತೀರ. ಅದು ಉಬ್ಬುತ್ತೆ."

"ಎಲ್ಲವೂ ಬರೀ ಜುಬ್ಬಾನಾ, ಅಮ್ಮ?"

"ನಾನು ಹಾಗಂದ್ನಾ?"

ಶ್ರೀಕಂಠನ ಕಣ್ಣು ತುಂಬಿತು. ಮಡಿಸಿದ ಜುಬ್ಬವನ್ನು ಎದೆಗೆ ಒತ್ತಿಕೊಂಡು ಹೇಳಿಯೇಬಿಟ್ಟ.

"ನೀವು ಹೋಗ್ಬಿಡ್ತೀರ ಅಂತ ಡಾಕ್ಟ್ರು ಹೇಳಿದ್ರು. ನನಗೆ ನಿಮ್ಮ ದನಿ ಬೇಕು. ಬರೀ ಜುಬ್ಬ ಆದ್ರೂ ಪರವಾಗಿಲ್ಲ. ಅದಕ್ಕೇ ಕಲೀತಿದ್ದೀನಿ. ನೀವು ಹೋದ ಮೇಲೆ ನನ್ನ ಬಾಯಿಗೆ ಬಂದು ಮಾತಾಡಿ."

ಭಾಗೀರಥಮ್ಮ ಅವನನ್ನೇ ನೋಡಿದರು. ಆ ನೋಟದಲ್ಲಿ ಗದರಿಕೆ ಇರಲಿಲ್ಲ.

"ನನಗೂ ಬರ್ತಿತ್ತು ಕಣೋ," ಎಂದರು. "ನಿನ್ನ ವಯಸ್ಸಿನಲ್ಲಿ. ಯಾರ್ಯಾರೋ ಬರೋರು, ಮಾತಾಡೋರು, ಹೋಗೋರು. ಜನ ಹಣ್ಣು ಹೂವು ತಂದು ಮುಂದಿಡೋರು. ಒಂದು ದಿನ ಕನ್ನಡಿ ನೋಡ್ಕೊಂಡೆ. ಯಾರ ಮುಖ ಅಂತ ಗೊತ್ತಾಗಲಿಲ್ಲ. ಆಮೇಲೆ ಈ ಮನೆಗೆ ಬಂದೆ. ನನ್ನ ಗುರುಗಳು ಬಾಗಿಲು ಹಾಕೋದು ಕಲಿಸಿದ್ರು."

"ಆಮೇಲೆ ತೆಗೆದೇ ಇಲ್ವಾ?"

"ಇಲ್ಲ."

ಶ್ರೀಕಂಠನ ಕಣ್ಣು ಹಿತ್ತಲ ಬಾಗಿಲಿನಾಚೆ ಒಳಮನೆಯ ಗೋಡೆಯ ಕಡೆ ಹೋಯಿತು. ಅಲ್ಲಿ ಒಂದು ಫೋಟೋ ಇತ್ತು. ಮುಕುಂದ, ಅಮ್ಮನ ಒಬ್ಬನೇ ಮಗ. ಹುಡುಗನಾಗಿದ್ದಾಗಲೇ ಇದೇ ನದಿಯಲ್ಲಿ ಮುಳುಗಿ ಹೋದವನು. ಅವನ ಹೆಸರು, ಹೋದ ರೀತಿ, ಇಷ್ಟು ಮಾತ್ರ ಶ್ರೀಕಂಠನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅಮ್ಮ ಎಂದೂ ಹೇಳಿರಲಿಲ್ಲ.

"ಮುಕುಂದನನ್ನೂ ಕರೆದಿಲ್ವಾ, ಅಮ್ಮ? ಒಂದು ಸಲಾನೂ?"

ಅಮ್ಮ ಒಳಗೆ ಹೋದರು.

ಆಗಲೇ ಶ್ರೀಕಂಠನಿಗೆ ಆ ಯೋಚನೆ ಬಂದದ್ದು. ತನಗೆ ಇಷ್ಟೆಲ್ಲ ಕೊಟ್ಟವರಿಗೆ ತಾನು ಏನು ಕೊಟ್ಟಿದ್ದೇನೆ? ಅವರ ಮಗನ ದನಿಯನ್ನೇ ತಂದುಕೊಟ್ಟರೆ? ಒಂದು ಸಲ ಕೇಳಿಬಿಟ್ಟರೆ ಅವರೂ ಒಪ್ಪುತ್ತಾರೆ. ಆಮೇಲೆ ತನ್ನ ಬಾಯಿಗೂ ಬರುತ್ತಾರೆ. ಪ್ರೀತಿಯಿಂದಲೇ ಯೋಚಿಸಿದ. ಸ್ವಾರ್ಥ ಅದರೊಳಗೇ ಬೆಚ್ಚಗೆ ಕೂತಿತ್ತು.

ಒಂದು ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಶ್ರೀಕಂಠ ಹಜಾರದಲ್ಲಿ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕರೆದ. ಮುಕುಂದ. ಮುಕುಂದ.

ಆಚೆ ದಡದಲ್ಲಿ ಪ್ರತಿಸಲ ಎಚ್ಚರ ತಪ್ಪುತ್ತಿತ್ತು. ಇವತ್ತು ತಪ್ಪಲಿಲ್ಲ. ಬೆರಳುಗಳು ಮೊದಲು ದೂರವಾದವು, ಆಮೇಲೆ ಕಾಲು, ಆಮೇಲೆ ನಾಲಿಗೆ. ತನ್ನದೇ ಮನೆಯ ಹೊರಗೆ ನಿಂತು ಒಳಗಿನ ಸದ್ದು ಕೇಳಿಸಿಕೊಂಡ ಹಾಗೆ, ಅವನು ತನ್ನ ಬಾಯಿ ತೆರೆಯುವುದನ್ನು ಕೇಳಿಸಿಕೊಂಡ.

"ಅಮ್ಮಾ."

ಅದು ಅವನ ದನಿಯಾಗಿರಲಿಲ್ಲ. ಇನ್ನೂ ಒಡೆಯದ, ಎಳೆಯ ದನಿ.

ಜಗಲಿಯಲ್ಲಿ ಮೊರ ಬಿದ್ದ ಸದ್ದಾಯಿತು. ಅವರೆಕಾಳು ನೆಲದ ತುಂಬ ಉರುಳಿತು. ಭಾಗೀರಥಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

ಅವರು ಮೆಲ್ಲಗೆ ಬಂದು ಅವನ ಎದುರು ಕೂತರು.

"ಯಾರು?" ಎಂದರು.

"ನಾನು, ಅಮ್ಮ."

"ನಾನು ಅಂದ್ರೆ?"

"ಮುಕುಂದ. ಕಾಲು ಒದ್ದೆಯಾಗಿದೆ, ಅಮ್ಮ."

ಅಮ್ಮನ ಮುಖದಲ್ಲಿ ಏನೋ ಒಡೆಯಿತು. ಕಣ್ಣೀರು ಧಾರೆಯಾಗಿ ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ. ಸೆರಗು ತಾನಾಗಿಯೇ ಕೈಗೆ ಬಂತು, ಆ ಒದ್ದೆ ಪಾದ ಒರೆಸಲು ಎಂಬಂತೆ ಕೈ ಮುಂದೆ ಚಾಚಿತು. ಅಲ್ಲೇ ನಿಂತಿತು. ಅವರ ಎದುರು ಇದ್ದದ್ದು ಶ್ರೀಕಂಠನ ಒಣ ಪಾದಗಳು.

"ಶ್ರೀಕಂಠ ಎಲ್ಲಿ?" ಎಂದು ಕೇಳಿದರು.

ತನ್ನ ಮೈಯ ಹೊರಗೆ ನಿಂತ ಶ್ರೀಕಂಠನ ಜೀವ ಜುಮ್ಮೆಂದಿತು. ಸತ್ತ ಮಗ ಎದುರಿಗೆ ಕೂತು ಕರೆಯುತ್ತಿರುವಾಗ ಅಮ್ಮ ಹುಡುಕಿದ್ದು ತನ್ನನ್ನು.

"ಹೊರಗಿದ್ದಾನೆ," ಎಂದಿತು ದನಿ.

"ಇದು ಅವನ ಮನೆ ಅಲ್ವೇನೋ?"

"ನಾನು ಇಲ್ಲೇ ಇರಲಾ, ಅಮ್ಮ? ಇಲ್ಲಿ ಬೆಚ್ಚಗಿದೆ."

ಭಾಗೀರಥಮ್ಮ ಕಣ್ಣು ಮುಚ್ಚಿದರು. ಹೊರಗೆ ನದಿ ಹರಿಯುವುದು ಕೇಳಿಸುತ್ತಿತ್ತು. ಒಂದು ಮಾತು ಸಾಕಾಗಿತ್ತು. ಇರು ಎಂದಿದ್ದರೆ ಆ ಎಳೆಯ ದನಿ ದಿನವೂ ಅಮ್ಮಾ ಎನ್ನುತ್ತಿತ್ತು, ಜೀವ ಇರುವಷ್ಟು ದಿನ. ಶ್ರೀಕಂಠನೂ ಹೊರಗಿನಿಂದಲೇ ಬೇಡಿಕೊಂಡ: ಹೂಂ ಅನ್ನಿ ಅಮ್ಮ, ನನ್ನದೇನೂ ಅಭ್ಯಂತರ ಇಲ್ಲ, ಹೂಂ ಅಂದುಬಿಡಿ.

ಅಮ್ಮ ಕಣ್ಣು ತೆರೆದರು.

"ಇಲ್ಲಿ ರೂಮಿಲ್ಲ, ಕಂದ."

ಬಸ್ಸಿಳಿದು ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು. ಅದೇ ಮೆತ್ತನೆಯ ದನಿಯಲ್ಲೇ ಹೇಳಿದರು. ಶ್ರೀಕಂಠ ಅದನ್ನು ನೂರಾರು ಸಲ ಕೇಳಿ ನಕ್ಕಿದ್ದ. ಈಗ ಅವನಿಗೆ ಭಯವಾಯಿತು, ಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ಆಗುವಂಥ ಭಯ.

ದನಿ ಹೇಳಿತು.

"ಸರಿ. ಹೋಗ್ತೀನಿ."

ಭಾಗೀರಥಮ್ಮ ಬೆಚ್ಚಿದರು. ತುಟಿ ಎರಡು ಸಲ ಅಲುಗಿತು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟು, ಮಗು ನಿದ್ದೆ ಹೋಗಲಿ ಎಂದು ಹೇಳುವ ಹಾಗೆ ಹೇಳಿದರು.

"ಹೋಗು."

ಶ್ರೀಕಂಠ ತನ್ನ ಮೈಯೊಳಕ್ಕೆ ಬಂದು ಬಿದ್ದ. ಮೈ ಬೇರೆಯವರು ಮಲಗಿ ಎದ್ದ ಹಾಸಿಗೆಯ ಹಾಗಿತ್ತು. ಅಮ್ಮನ ಕಾಲಿಗೆ ಬಿದ್ದು ಅತ್ತ. ಅವರು ಅವನ ತಲೆ ಸವರಿದರು.

"ತಪ್ಪಾಯ್ತು, ಅಮ್ಮ."

"ಅವರೆಕಾಳು ಆರಿಸೋಣ ಬಾ," ಎಂದರು.

ಇಬ್ಬರೂ ನೆಲದ ಮೇಲೆ ಕೂತು ಕಾಳು ಆರಿಸಿದರು. ಕೊನೆಗೆ ಅಮ್ಮನೇ ಮಾತು ತೆಗೆದರು.

"ಅವನಿಗೆ ಹೋಗಿ ಬರ್ತೀನಿ ಅನ್ನೋದು ಬಾಯಿಗೇ ಬರ್ತಿರಲಿಲ್ಲ. ಹೊಸ್ತಿಲು ದಾಟ್ತಾ ಹೋಗ್ತೀನಿ ಅಂತಲೇ ಕೂಗೋನು. ಹಾಗನ್ನಬಾರದು ಕಣೋ, ಹೋಗಿ ಬರ್ತೀನಿ ಅನ್ನು ಅಂತ ದಿನಾ ಗದರಿಸ್ತಿದ್ದೆ. ಅವತ್ತೂ ಹಾಗೇ ಕೂಗಿ ನದಿಗೆ ಓಡಿದ. ಹೋಗಿ ಬಾ ಅಂತ ಹಿಂದಿನಿಂದ ಕೂಗಿದೆ. ಬರಲಿಲ್ಲ. ಆ ಬಾ ಅನ್ನೋದನ್ನ ನಾನು ವಾಪಸ್ ತಗೊಂಡೇ ಇರಲಿಲ್ಲ."

ಶ್ರೀಕಂಠನ ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು.

"ನನಗೆ ಇದು ಗೊತ್ತೇ ಇರಲಿಲ್ಲ! ಹಾಗಾದ್ರೆ ಬಂದಿದ್ದು ಅವನೇ, ಅಮ್ಮ!"

"ಜುಬ್ಬದ ಜೇಬಿನಲ್ಲೂ ಹಳೇ ಬಸ್ ಟಿಕೆಟ್ ಇರುತ್ತೆ."

"ಹಾಗಾದ್ರೆ ಅವನಲ್ವಾ?"

ಭಾಗೀರಥಮ್ಮ ನದಿಯ ಕಡೆ ನೋಡಿದರು. ಮುಖ ತೊಳೆದಿಟ್ಟ ಹಾಗಿತ್ತು.

"ಗೊತ್ತಿಲ್ಲ ಕಣೋ," ಎಂದರು.

ಅಮ್ಮ ಗೊತ್ತಿಲ್ಲ ಎಂದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಅದರಷ್ಟು ದೊಡ್ಡ ಮಾತನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಶ್ರೀಕಂಠ ಮತ್ತೆ ಆಚೆ ದಡಕ್ಕೆ ಹೋಗಲಿಲ್ಲ. ಬಾಗಿಲು ಹಾಕುವುದನ್ನು ಕಲಿತ. ಯಾವ ದನಿ ಬಂದರೂ, ಎಷ್ಟು ಅತ್ತು ಕರೆದರೂ, ತನ್ನ ಮೈಯೊಳಗೆ ತಾನೇ ಗಟ್ಟಿಯಾಗಿ ಕೂತಿರುವುದು ಮೆಲ್ಲಗೆ ಅಭ್ಯಾಸವಾಯಿತು. ಸಾರಿಗೆ ಉಪ್ಪು ಸರಿಹೋಯಿತು. ಕರೆದರೆ ಓಗೊಡುತ್ತಿದ್ದ.

ಆದರೆ ಎದೆಯ ಮೂಲೆಯಲ್ಲಿ ಒಂದು ಬಾಗಿಲನ್ನು ಅವನು ಹಾಗೇ ಓರೆಯಾಗಿ ಬಿಟ್ಟುಕೊಂಡಿದ್ದ. ಬೇರೆ ಯಾರಿಗೂ ಇಲ್ಲ, ಒಬ್ಬರಿಗೆ ಮಾತ್ರ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಭಾಗೀರಥಮ್ಮ ಏಳದಾದರು. ಒಂದು ಬೆಳಿಗ್ಗೆ, "ನನ್ನನ್ನ ಜಗಲಿಗೆ ಕರ್ಕೊಂಡು ಹೋಗು, ನದಿ ನೋಡ್ತೀನಿ," ಎಂದರು. ಶ್ರೀಕಂಠ ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು, ಕಂಬಕ್ಕೆ ದಿಂಬು ಒರಗಿಸಿ ಕೂರಿಸಿದ. ತೂಕವೇ ಇರಲಿಲ್ಲ. ನೀರಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಅಂಥ ಬೆಳಕನ್ನು ಅವನು ಆ ನದಿಯ ಮೇಲೆ ಹಿಂದೆ ನೋಡಿರಲಿಲ್ಲ, ಅಥವಾ ನೋಡಿದ್ದರೂ ಕಂಡಿರಲಿಲ್ಲ.

ಅವರು ಅವನ ಕೈ ಹಿಡಿದುಕೊಂಡರು.

"ಹೋಗ್ತೀನಿ," ಎಂದರು.

ಶ್ರೀಕಂಠ ಕಲಿತದ್ದೆಲ್ಲ ಕರಗಿ ನೀರಾಯಿತು. ತಾಯಿಯ ಸೆರಗು ಹಿಡಿದ ಮಗುವಿನಂತೆ ಅಂಗಲಾಚಿದ.

"ಹಾಗನ್ನಬೇಡಿ, ಅಮ್ಮ. ಹೋಗಿ ಬರ್ತೀನಿ ಅನ್ನಿ. ಒಂದೇ ಒಂದು ಸಲ ಅನ್ನಿ."

ಭಾಗೀರಥಮ್ಮ ಅವನನ್ನು ನೋಡಿದರು. ಓರೆಯಾಗಿ ಬಿಟ್ಟ ಆ ಬಾಗಿಲು ಅವರಿಗೆ ಯಾವಾಗಲೋ ಕಂಡಿತ್ತು. ಗಂಟೆ ಕಳೆದ ದಿನದ ಅದೇ ನಗು ಅವರ ಮುಖಕ್ಕೆ ಬಂತು.

"ಬಂದ್ರೆ ಬಾಗಿಲು ತಟ್ತೀನಿ ಕಣೋ. ದನಿ ನಂದೇ ಅಂತ ತೆಗೆದುಬಿಡಬೇಡ. ಯಾರು ಅಂತ ಕೇಳು."